ವೇಗ ಹೆಚ್ಚಿತು, ನಾಣ್ಯ ಹೆಚ್ಚಲಿಲ್ಲ

ಬೆಂಗಳೂರಿನ ವಿಮಾನಪುರದ ಮನೆಯೊಂದರಲ್ಲಿ ಬಿಟ್‌ಕಾಯಿನ್ ಎಂಬ ಗಣಕನಾಣ್ಯಕ್ಕಾಗಿ ಹಗಲಿರುಳು ಲೆಕ್ಕ ಹಾಕುವ ‘ಬಿಟ್‌ಆ್ಯಕ್ಸ್’ ಎಂಬ ಪುಟ್ಟ ಯಂತ್ರವಿದೆಯೆನ್ನೋಣ. ಅದು ಬಳಸುವುದು ಹದಿನೈದಿಪ್ಪತ್ತು ವಾಟ್ ಮಾತ್ರ. ಇಷ್ಟಕ್ಕೇಕೆ ಮಲೆನಾಡಿನ ತಕರಾರು ಎನ್ನುವವರು ‘ಓವರ್‌ಕ್ಲಾಕಿಂಗ್’ ಎಂಬ ಹುಚ್ಚನ್ನು ಗಮನಿಸಬೇಕು.

ಚಿಪ್‌ನ ವೇಗವನ್ನೂ ವೋಲ್ಟೇಜನ್ನೂ ಶೇ. 10ರಷ್ಟು ಏರಿಸಿದರೆ ಕೆಲಸ ಹೆಚ್ಚುವುದು ಶೇ. 10, ವಿದ್ಯುತ್ ವ್ಯಯ ಹೆಚ್ಚುವುದು ಸುಮಾರು ಶೇ. 33. ಚಿಪ್ ಕಾಯುತ್ತದೆ, ಲೆಕ್ಕ ತಪ್ಪುತ್ತದೆ, ಯಂತ್ರ ನಿಲ್ಲುತ್ತದೆ. ಆಗ ವೇಗವನ್ನು ಇಳಿಸದೆ ದೊಡ್ಡ ಫ್ಯಾನು ತರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಎಲ್ಲರೂ ವೇಗ ಹೆಚ್ಚಿಸಿದರೆ ನಾಣ್ಯ ಹೆಚ್ಚೀತೆ? ಇಲ್ಲ. ಸುಮಾರು ಎರಡು ವಾರಕ್ಕೊಮ್ಮೆ ಲೆಕ್ಕವೇ ಕಠಿಣವಾಗುತ್ತದೆ. 2024ರ ಏಪ್ರಿಲ್‌ನಿಂದ ಇಡೀ ಜಗತ್ತಿಗೆ ಹತ್ತು ನಿಮಿಷಕ್ಕೆ ದಕ್ಕುವ ಹೊಸ ನಾಣ್ಯ ಸರಾಸರಿ 3.125 ಮಾತ್ರ. ನೆರೆಯವನಿಗಿಂತ ಆಳಕ್ಕೆ ಬೋರ್‌ವೆಲ್ ಕೊರೆಸುವ ಪೈಪೋಟಿಯೂ ಹೀಗೆಯೇ: ಆಳ ಹೆಚ್ಚಿತು, ಅಂತರ್ಜಲ ಹೆಚ್ಚಲಿಲ್ಲ.

ರಾಜ್ಯದ ವಿದ್ಯುತ್ ಜಾಲದ ಇನ್ನೊಂದು ತುದಿಯಲ್ಲಿ ಶರಾವತಿಯಿದ್ದಾಳೆ, 1964ರ ಲಿಂಗನಮಕ್ಕಿ ಅಣೆಕಟ್ಟು ಮುಳುಗಿಸಿದ ಊರುಗಳಿವೆ. ಆ ಬೆಲೆ ತೆತ್ತು ಪಡೆದ ವಿದ್ಯುತ್ತನ್ನು ಪೈಪೋಟಿಗೆ ಸುಡುವ ಹಕ್ಕು ಯಾರಿಗಿದೆ? ಎಥೀರಿಯಮ್ ನಾಣ್ಯವು 2022ರಲ್ಲಿ ಇಂಥ ಗಣಿಗಾರಿಕೆಯನ್ನೇ ಕೈಬಿಟ್ಟು, ತನ್ನ ವಿದ್ಯುತ್ ಬಳಕೆಯನ್ನು ಶೇ. 99ಕ್ಕೂ ಹೆಚ್ಚು ತಗ್ಗಿಸಿತು. ಕಾದ ಯಂತ್ರಕ್ಕೆ ಮೊದಲ ಚಿಕಿತ್ಸೆ ವೋಲ್ಟೇಜು ಇಳಿಸುವುದು. ಕೊನೆಯ ಚಿಕಿತ್ಸೆ ಸ್ವಿಚ್ಚು ಆರಿಸುವುದು.