ಸರಾಸರಿಗೆ ಕಾಣದ ಬಿಲ್ಲೆ

ಗಾಳಿಗೆ ಎಸೆದ ಬಿಲ್ಲೆಗಳನ್ನು ಬಂದೂಕಿನಿಂದ ಹೊಡೆಯುವ ಆಟ ಕ್ಲೇ ಪಿಜನ್ ಶೂಟಿಂಗ್. ಇಂಗ್ಲೆಂಡಿನಲ್ಲಿ ಅದರ ನೋಂದಾಯಿತ ಪಂದ್ಯಗಳ ಸರಾಸರಿ ನೋಡಿ ಎ, ಬಿ, ಸಿ ಎಂದು ದರ್ಜೆ ಕೊಡುತ್ತಾರೆ. ಮೇಲೆ ಎಎ, ಎಎಎ. ಆದರೆ ಸುಲಭದ ಮೈದಾನದಲ್ಲಿ ನೂರಕ್ಕೆ 80 ಹೊಡೆದವರೂ, ಗಾಳಿಗೆ ವಾಲಿ ಮರಗಳ ಹಿಂದೆ ಮಾಯವಾಗುವ 110 ಮಿಲಿಮೀಟರ್ ಬಿಲ್ಲೆಗಳನ್ನು ಅಷ್ಟೇ ಹೊಡೆದವರೂ ಬರಿಯ ಸರಾಸರಿಗೆ ಒಂದೇ. ಇನ್ನು ಕೆಲವರು ಸಣ್ಣ ಪಂದ್ಯಗಳಲ್ಲಿ ಬೇಕೆಂದೇ ನಾಲ್ಕು ಬಿಲ್ಲೆ ಬಿಟ್ಟು, ಕೆಳದರ್ಜೆಯಲ್ಲೇ ಉಳಿದು, ದೊಡ್ಡ ಪಂದ್ಯದಲ್ಲಿ ಬಹುಮಾನ ಬಾಚುತ್ತಾರೆ (ಜೊತೆಗಾರರಿಗೆ ಇದು ಗೊತ್ತಿಲ್ಲದ್ದೇನಲ್ಲ). ಇದೇ ಬಗೆಯ ಆಟವಾದ ಅಮೆರಿಕದ ಸ್ಪೋರ್ಟಿಂಗ್ ಕ್ಲೇಸ್‌ನಲ್ಲಿ ಲೆಕ್ಕವೇ ಬೇರೆ: ದರ್ಜೆಯೊಳಗೆ ಗೆದ್ದವರಿಗೆ ‘ಪಂಚ್’ ಎಂಬ ಬಡ್ತಿ ಅಂಕ ಸಿಗುತ್ತದೆ, ಎಷ್ಟೆಂಬುದು ಎದುರಾಳಿಗಳ ಸಂಖ್ಯೆಯ ಮೇಲೆ, ಪಂಚ್ ತುಂಬಿದರೆ ಮೇಲಿನ ದರ್ಜೆಗೆ ಏರಲೇಬೇಕು. ಇಂಗ್ಲೆಂಡಿನವರು ಸರಾಸರಿಯನ್ನು ಕೈಬಿಡಬೇಕಿಲ್ಲ. ಪ್ರತಿ ಸ್ಕೋರನ್ನೂ ಆ ದಿನದ ಗರಿಷ್ಠ ಸ್ಕೋರಿನೊಂದಿಗೆ ತೂಗಿ ನೋಡಲಿ, ಪದೇ ಪದೇ ಗೆಲ್ಲುವವರಿಗೆ ತಕ್ಷಣ ಬಡ್ತಿ ಕೊಡಲಿ.