ಎಷ್ಟು ಎತ್ತರ? ಎಲ್ಲಿಂದ ಎತ್ತರ?

ಸೈಟು ಮಾರುವವರ ನಿಘಂಟಿನಲ್ಲಿ ತಗ್ಗು ಎಂಬ ಶಬ್ದವೇ ಇಲ್ಲ. ಮಿಯಾಪುರ, ಅಮೀನ್‌ಪುರ, ನಿಜಾಂಪೇಟ, ಬಾಚುಪಲ್ಲಿ, ಎಲ್ಲಿ ವಿಚಾರಿಸಿದರೂ "ಎತ್ತರದ ಜಾಗ ಸಾರ್, ನೀರು ನಿಲ್ಲುವ ಮಾತೇ ಇಲ್ಲ" ಎಂಬ ಒಂದೇ ಪಲ್ಲವಿ. ಎಲ್ಲ ಜಾಗವೂ ಎತ್ತರವೇ ಆದರೆ ಮಳೆಯ ನೀರು ಪಾಪ ಎಲ್ಲಿಗೆ ಹೋಗಬೇಕು? ನಿವೃತ್ತಿಯ ಹಣದಲ್ಲಿ ಒಂದು ನೆಲೆ ಮಾಡಿಕೊಳ್ಳಬೇಕೆಂದಿರುವ ನಮ್ಮ ಸಂಘದ ಹಿರಿಯರೊಬ್ಬರು ಈಚೆಗೆ ನಮ್ಮನ್ನು ಕೇಳಿದರು: "ಏನಪ್ಪಾ, ಕಂಪ್ಯೂಟರಿನಲ್ಲಿ ನಕ್ಷೆ ತೆಗೆಯುತ್ತೀಯಂತೆ. ನೆಲದ ಎತ್ತರವೂ ಅದರಲ್ಲಿ ಸಿಕ್ಕುತ್ತದೆಯೇ?" "ಸಿಕ್ಕುತ್ತದೆ ರಾಯರೇ. ಆದರೆ ಎಲ್ಲಿಂದ ಎತ್ತರ ಎಂದು ಮೊದಲು ಕೇಳಬೇಕು" ಎಂದೆವು. ಅವರಿಗೆ ಹೇಳಿದ್ದನ್ನೇ ಮಿಕ್ಕ ವಾಚಕರಿಗೂ ಈ ಸಂಚಿಕೆಯಲ್ಲಿ ಒಪ್ಪಿಸುತ್ತಿದ್ದೇವೆ. ಗುಮಾಸ್ತರಿಗೆ ನಕ್ಷೆಯ ಗೊಡವೆ ಏಕೆಂದು ಯಾರೂ ಆಕ್ಷೇಪಿಸಬಾರದು. ನೆಲದ ಎತ್ತರದ ಕಡತವೆಂಬುದು ಕಟ್ಟಕಡೆಗೆ ಒಂದು ತಃಖ್ತೆಯೇ ತಾನೆ!

ಮೊದಲು ನಮ್ಮ ಮಿಯಾಪುರದ ವಿಶೇಷವನ್ನು ಹೇಳಬೇಕು. ಮುಂಬಯಿ ರಸ್ತೆಯಲ್ಲಿ ನಮಗೆ ಪೂರ್ವಕ್ಕೆ ಕೂಕಟಪಲ್ಲಿ. ಅಲ್ಲಿಯ ನಾಲೆ ಹುಸೇನ್ ಸಾಗರವನ್ನು ಸೇರಿ, ಮುಂದೆ ಮೂಸಿಯ ಮೂಲಕ ಕೃಷ್ಣೆಗೆ ಹೋಗುತ್ತದೆ. ಪಶ್ಚಿಮಕ್ಕೆ ಪಟಾನ್‌ಚೆರು, ಅಲ್ಲಿಯ ನೀರು ನಕ್ಕವಾಗು ಹಳ್ಳಕ್ಕೆ ಬಿದ್ದು, ನಮ್ಮ ಬೀದರ್ ಜಿಲ್ಲೆಯನ್ನು ಹಾದು ಬರುವ ಮಾಂಜ್ರಾ ನದಿಯನ್ನು ಸೇರಿ, ಗೋದಾವರಿಯ ಪಾಲಾಗುತ್ತದೆ. ಈ ಎರಡರ ನಡುವೆ ಎಲ್ಲಿಯೋ ಒಂದು ಏಣು ಇದೆ. ಅದರ ಈಚೆ ಬಿದ್ದ ಹನಿ ಕೃಷ್ಣೆಗೆ, ಆಚೆ ಬಿದ್ದ ಹನಿ ಗೋದಾವರಿಗೆ. ಬಸ್ಸಿನಲ್ಲಿ ಹೋಗುವವರಿಗೆ ಈ ಏಣು ಕಾಣುವುದೇ ಇಲ್ಲ; ಅಷ್ಟು ನಯವಾದ ಏರಿಳಿತ. ಕಣ್ಣಿಗೆ ಕಾಣದ್ದನ್ನು ಕಾಣಿಸುವುದೇ ಎತ್ತರದ ಅಂಕಿಗಳ ಉಪಯೋಗ.

ಇದು ಬರಿಯ ಕುತೂಹಲದ ಮಾತಲ್ಲ. ೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮರ ಕರೆಯ ಮೇಲೆ ಬಂದವರು ನಮ್ಮ ವಿಶ್ವೇಶ್ವರಯ್ಯನವರು. ಅವರು ಊರಿನೊಳಗೆ ಗೋಡೆ ಕಟ್ಟಿಸಿ ಸುಮ್ಮನಾಗಲಿಲ್ಲ. ನದಿಯ ಮೇಲ್ಭಾಗಕ್ಕೆ ಹೋಗಿ, ಮಳೆ ಎಷ್ಟು ಬಿತ್ತು, ನೆಲ ಎತ್ತ ಬಾಗಿದೆ, ಯಾವ ಕೆರೆ ಒಡೆದು ಯಾವುದರ ಮೇಲೆ ಬಿತ್ತು ಎಂದು ಲೆಕ್ಕ ಹಾಕಿದರು. ಅದರ ಫಲವಾಗಿ ೧೯೨೦ರಲ್ಲಿ ಉಸ್ಮಾನ್ ಸಾಗರವೂ ೧೯೨೭ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ೨೦೨೦ರ ಅಕ್ಟೋಬರಿನ ಮಳೆಯಲ್ಲಿ ಗುರ್ರಂ ಚೆರುವು ಒಡೆದು ಕೆಳಗಿನ ಬಡಾವಣೆಗಳಿಗೆ ನುಗ್ಗಿದ್ದು ಇನ್ನೂ ನಮ್ಮ ಕಣ್ಣ ಮುಂದಿದೆ. ೨೦೨೪ರ ಜುಲೈಯಲ್ಲಿ 'ಹೈಡ್ರಾ' ಸಂಸ್ಥೆ ಏರ್ಪಟ್ಟ ಮೇಲೆ, ಕೆರೆಯಂಗಳದಲ್ಲಿ ಎದ್ದಿದ್ದ ಕಟ್ಟಡಗಳನ್ನು ಕೆಡವಿದ ಸುದ್ದಿಯನ್ನೂ ಓದಿದ್ದೇವೆ. ತಗ್ಗಿನಲ್ಲಿ ಮನೆ ಕೊಂಡವರಿಗೆ ಒಂದು ಕಡೆ ನೀರಿನ ಭಯ, ಇನ್ನೊಂದು ಕಡೆ ನೋಟೀಸಿನ ಭಯ.

ಎತ್ತರದ ಈ ಅಂಕಿಗಳು ಬಂದದ್ದೆಲ್ಲಿಂದ? ೧೮೦೨ರಲ್ಲಿ ಲ್ಯಾಂಬ್ಟನ್ ಎಂಬ ಅಧಿಕಾರಿ ಮದರಾಸಿನಲ್ಲಿ ಸರಪಳಿ ಹಿಡಿದು ದೇಶವನ್ನು ಅಳೆಯಲು ಹೊರಟ. ಅರ್ಧ ಟನ್ ತೂಕದ ಥಿಯೋಡೊಲೈಟನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊರಿಸಿಕೊಂಡು ಇಪ್ಪತ್ತು ವರ್ಷ ದುಡಿದು, ೧೮೨೩ರಲ್ಲಿ ಹೈದರಾಬಾದಿನಿಂದ ನಾಗಪುರಕ್ಕೆ ಹೋಗುವ ದಾರಿಯಲ್ಲಿ ಹಿಂಗಣಘಾಟಿನಲ್ಲಿ ತೀರಿಕೊಂಡ. ೨೦೦೦ದ ಫೆಬ್ರವರಿಯಲ್ಲಾದರೋ, ಅಮೆರಿಕದ 'ಎಂಡೆವರ್' ನೌಕೆ ಅರವತ್ತು ಮೀಟರಿನ ತೋಳನ್ನು ಚಾಚಿಕೊಂಡು, ರೇಡಾರಿನಿಂದ ಭೂಮಿಯ ನೆಲಭಾಗದ ನೂರಕ್ಕೆ ಎಂಬತ್ತರಷ್ಟನ್ನು ಹನ್ನೊಂದೇ ದಿನಗಳಲ್ಲಿ ಅಳೆದುಬಿಟ್ಟಿತು. ಇದಕ್ಕೆ 'ಎಸ್‌ಆರ್‌ಟಿಎಂ' ಎಂದು ಹೆಸರು. ೨೦೦೫ರ ಮೇ ೫ರಂದು ನಮ್ಮ ಇಸ್ರೋ ಹಾರಿಸಿದ ಕಾರ್ಟೋಸ್ಯಾಟ್-೧ ಉಪಗ್ರಹ, ನಮ್ಮ ಎರಡು ಕಣ್ಣುಗಳಂತೆ ಎರಡು ಕ್ಯಾಮರಾಗಳಿಂದ ನೋಡಿ ಇಂಥದ್ದೇ ಇನ್ನೊಂದು ಲೆಕ್ಕ ಕೊಟ್ಟಿತು. ಅದು 'ಕಾರ್ಟೋಡೆಮ್'. ಅದನ್ನು 'ಭುವನ್' ತಾಣದಲ್ಲಿ ಹಂಚುವವರು ಇಲ್ಲೇ ಬಾಲಾನಗರದ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು. ಹೆಸರು ನೋಂದಾಯಿಸಿಕೊಂಡರೆ ಎರಡೂ ಧರ್ಮಕ್ಕೆ ಸಿಕ್ಕುತ್ತವೆ. ತೆರೆದು ನೋಡಲು ಬೇಕಾದ 'ಕ್ಯೂಜಿಐಎಸ್' ಎಂಬ ತಂತ್ರಾಂಶಕ್ಕೂ ಕಾಸು ಕೊಡಬೇಕಾಗಿಲ್ಲ.

ಇಷ್ಟೆಲ್ಲ ಪುಕ್ಕಟೆ ಸಿಕ್ಕಿದ ಮೇಲೆ ಕಷ್ಟವೇನು? ತಂದದ್ದನ್ನು ಯಂತ್ರದೊಳಗೆ ಸರಿಯಾಗಿ ಕೂಡಿಸುವುದೇ ಕಷ್ಟ.

ಎಸ್‌ಆರ್‌ಟಿಎಂ ಕಡತ ಒಂದು ಡಿಗ್ರಿ ಉದ್ದ, ಒಂದು ಡಿಗ್ರಿ ಅಗಲದ ಹಾಳೆ. ಅದರಲ್ಲಿ ೩೬೦೧ ಸಾಲು, ೩೬೦೧ ಕಂಬ. ಒಟ್ಟು ಒಂದು ಕೋಟಿ ಇಪ್ಪತ್ತೊಂಬತ್ತು ಲಕ್ಷಕ್ಕೂ ಮಿಕ್ಕ ಅಂಕಿಗಳು. ಒಂದೊಂದು ಅಂಕಿಯೂ ಸುಮಾರು ೩೦ ಮೀಟರಿನ ಒಂದು ಚೌಕದ ಎತ್ತರ, ಪೂರ್ಣ ಮೀಟರುಗಳಲ್ಲಿ. ತಮಾಷೆಯೆಂದರೆ, ಈ ಮಹಾ ತಃಖ್ತೆಗೆ ತಲೆಬರಹವೇ ಇಲ್ಲ. ಯಾವ ಊರು, ಯಾವ ಸೀಮೆ ಎಂದು ಒಳಗೆ ಒಂದಕ್ಷರವೂ ಬರೆದಿಲ್ಲ. ಎಲ್ಲವೂ ಕಡತದ ಹೆಸರಿನಲ್ಲೇ ಅಡಗಿದೆ. ನಮ್ಮ ಹಾಳೆಯ ಹೆಸರು 'ಎನ್೧೭ಇ೦೭೮'. ಎಂದರೆ ನೈಋತ್ಯ ಮೂಲೆ ೧೭ ಡಿಗ್ರಿ ಉತ್ತರ, ೭೮ ಡಿಗ್ರಿ ಪೂರ್ವ. ಯಾರಾದರೂ ಉತ್ಸಾಹದಿಂದ 'ನಮ್ಮ ಮಿಯಾಪುರ' ಎಂದು ಅದಕ್ಕೆ ಹೊಸ ನಾಮಕರಣ ಮಾಡಿದರೆ, ತಂತ್ರಾಂಶಕ್ಕೆ ಅದು ಎಲ್ಲಿಯದೆಂಬುದೇ ತಿಳಿಯದು. ಇನ್ವರ್ಡ್ ನಂಬರು ಹರಿದುಹೋದ ಫೈಲಿನ ಗತಿಯೇ ಅದರದ್ದೂ.

ಇನ್ನು ಖಾಲಿ ಚೌಕಗಳು. ನಿಂತ ನೀರಿನಿಂದಲೂ ಕಡಿದಾದ ಇಳುಕಲುಗಳಿಂದಲೂ ರೇಡಾರಿಗೆ ಎಷ್ಟೋ ವೇಳೆ ಉತ್ತರ ಬರುವುದಿಲ್ಲ. ಹಳೆಯ ಆವೃತ್ತಿಗಳಲ್ಲಿ ಅಂಥ ಕಡೆ −೩೨೭೬೮ ಎಂದು ತುಂಬಿದ್ದಾರೆ. ಇದು 'ಗೊತ್ತಿಲ್ಲ' ಎಂಬ ಷರಾ, ಎತ್ತರವಲ್ಲ. ಯಂತ್ರಕ್ಕೆ ಈ ಸಂಗತಿ ಹೇಳದಿದ್ದರೆ, ಅದು ಪಾತಾಳದಿಂದ ಹೈದರಾಬಾದಿನವರೆಗೆ ಒಂದೇ ಪಟ್ಟಿಯಲ್ಲಿ ಬಣ್ಣ ಹಂಚಿ, ಊರನ್ನೆಲ್ಲ ಒಂದೇ ಬಿಳುಪಾಗಿ ತೋರಿಸುತ್ತದೆ.

ಮೂರನೆಯದು ಅಳತೆಯ ತೊಡಕು. ಹಾಳೆಯಲ್ಲಿ ಉದ್ದಗಲ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ. ಬಟ್ಟೆಯನ್ನು ಗಜದಲ್ಲಿ ಅಳೆದು ಬೆಲೆಯನ್ನು ಸೇರಿಗೆ ಕಟ್ಟಿದ ಹಾಗೆ! ಇದನ್ನು ಸರಿಪಡಿಸದೆ ಇಳಿಜಾರಿನ ನಕ್ಷೆ ಕೇಳಿದರೆ, ಒಂದೇ ಮೀಟರಿನ ಏರಿಳಿತವಿದ್ದಲ್ಲೂ ಎಷ್ಟೋ ತಂತ್ರಾಂಶಗಳು ನೆಟ್ಟಗಿನ ಗೋಡೆಯನ್ನು ತೋರಿಸುತ್ತವೆ. ಆದ್ದರಿಂದ ಹಾಳೆಯನ್ನು ಮೊದಲು ಮೀಟರಿನ ಜಾಲಕ್ಕೆ ಬದಲಾಯಿಸಿಕೊಳ್ಳಬೇಕು. ಮಿಯಾಪುರಕ್ಕೆ ಅದು 'ಯುಟಿಎಂ ೪೪ ಉತ್ತರ' ವಲಯ. ಇಲ್ಲೊಂದು ಎಚ್ಚರಿಕೆ: ೭೮ ಡಿಗ್ರಿಯ ಗೆರೆ ಸಂಗಾರೆಡ್ಡಿಯಿಂದ ತುಸು ಪಶ್ಚಿಮಕ್ಕೆ ಹಾದುಹೋಗುತ್ತದೆ. ಅದನ್ನು ದಾಟಿದರೆ ಹಾಳೆಯೂ ಬೇರೆ, ವಲಯವೂ ಬೇರೆ, ೪೩. ಹಬ್ಬಕ್ಕೆ ಬೀದರಿಗೆ ಹೋಗುವ ನಮ್ಮವರು ಮೂರು ತಾಸಿನೊಳಗೆ ದಾಟುವ ಗೆರೆಯನ್ನು ಯಂತ್ರ ತಾನಾಗಿ ದಾಟದು. ನಾವೇ ಕೈಹಿಡಿದು ದಾಟಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ನಾಲ್ಕನೆಯದು. ಉಸ್ಮಾನ್ ಸಾಗರದ ಪೂರ್ಣ ನೀರಿನ ಮಟ್ಟ ೧೭೯೦ ಅಡಿ ಎಂದು ಪ್ರತಿ ಮಳೆಗಾಲದಲ್ಲೂ ಪತ್ರಿಕೆಗಳಲ್ಲಿ ಓದುತ್ತೇವೆ. ಮೀಟರಿನಲ್ಲಿ ಸುಮಾರು ೫೪೫.೬. ಎಸ್‌ಆರ್‌ಟಿಎಂ ಹಾಳೆಯಲ್ಲಿ ಹೆಚ್ಚುಕಡಿಮೆ ಅದೇ ಅಂಕಿ ಸಿಕ್ಕುತ್ತದೆ. ಕಾರ್ಟೋಡೆಮ್ ತೆರೆದರೆ ಅದೇ ಕೆರೆ ೪೭೦ರ ಆಸುಪಾಸಿನಲ್ಲಿದೆ! ಎಪ್ಪತ್ತು ಮೀಟರಿಗೂ ಹೆಚ್ಚು ನೀರು ಎಲ್ಲಿ ಮಾಯವಾಯಿತು? ಎಲ್ಲಿಯೂ ಇಲ್ಲ. ಎಸ್‌ಆರ್‌ಟಿಎಂ ಎಣಿಸುವುದು ಸಮುದ್ರ ಮಟ್ಟದಿಂದ. ಕಾರ್ಟೋಡೆಮ್ ಎಣಿಸುವುದು, ಲೆಕ್ಕದ ಸೌಕರ್ಯಕ್ಕಾಗಿ ಗಣಿತಜ್ಞರು ಕಲ್ಪಿಸಿಕೊಂಡ, ಧ್ರುವಗಳಲ್ಲಿ ತುಸು ಚಪ್ಪಟೆಯಾದ ಒಂದು ನುಣ್ಣನೆಯ ಗೋಳದಿಂದ. ನಿಜವಾದ ಭೂಮಿಯ ಆಕರ್ಷಣೆ ಎಲ್ಲೆಡೆಯೂ ಒಂದೇ ಸಮನಲ್ಲ. ಆದ್ದರಿಂದ ದಕ್ಷಿಣ ಭಾರತದ ಕಡೆ ಸಮುದ್ರ ಮಟ್ಟವೇ ಆ ಗೋಳಕ್ಕಿಂತ ಬಹಳ ಕೆಳಗಿದೆ. ಹೈದರಾಬಾದಿನಲ್ಲಿ ಈ ಅಂತರ ಎಪ್ಪತ್ತು ಮೀಟರನ್ನು ಮೀರುತ್ತದೆ.

ಎರಡು ಲೆಕ್ಕವೂ ಸರಿಯೇ. ಎರಡನ್ನೂ ಬೆರೆಸಿದರೆ ಮಾತ್ರ ಅನರ್ಥ. ಬೀದರಿನ ಹಾಳೆಯನ್ನು ಒಂದರಿಂದ, ಮಿಯಾಪುರದ್ದನ್ನು ಇನ್ನೊಂದರಿಂದ ತೆಗೆದು ಅಂಟಿಸಿದರೆ, ಸಂಗಾರೆಡ್ಡಿಯ ಹೊರವಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂತಸ್ತಿನ ಕಟ್ಟಡದಷ್ಟು ಆಳದ ಪ್ರಪಾತ ಏಳುತ್ತದೆ. ಅಂಗೈಯ ಫೋನಿನಲ್ಲಿ ಕಂಡ ಎತ್ತರವನ್ನು ಕೆರೆಯ ಕಲ್ಲಿನ ಮೇಲಿನ ಅಂಕಿಯೊಡನೆ ಹೋಲಿಸುವವರೂ ಈ ಪ್ರಶ್ನೆಯನ್ನು ಮೊದಲು ಕೇಳಬೇಕು. ಸೊನ್ನೆ ಯಾವುದೆಂದು ತಿಳಿಯದ ಎತ್ತರ ಎತ್ತರವೇ ಅಲ್ಲ.

ಇಷ್ಟು ಶಾಸ್ತ್ರ ಮುಗಿದ ಮೇಲೆ ಕೆಲಸ ಸುಲಭ. ಐದು ಮೀಟರಿಗೊಂದರಂತೆ ಸಮೋನ್ನತಿ ರೇಖೆಗಳನ್ನು ಎಳೆಸಬಹುದು. ನೀರು ಹರಿಯುವ ದಿಕ್ಕನ್ನು ಕೇಳಬಹುದು. ಸೈಟಿನ ಮೇಲ್ಗಡೆ ಎಷ್ಟು ವಿಸ್ತಾರದ ನೆಲ ತನ್ನ ನೀರನ್ನು ಈ ಕಡೆ ಇಳಿಸುತ್ತದೆ, ಮೇಲಿನ ಕೆರೆ ಕೋಡಿ ಬಿದ್ದರೆ ಅದು ಯಾವ ದಾರಿ ಹಿಡಿಯುತ್ತದೆ ಎಂಬುದು ನಕ್ಷೆಯಲ್ಲಿ ಮೂಡುತ್ತದೆ. ಅದೂ ಅಲ್ಲದೆ, ಎಸ್‌ಆರ್‌ಟಿಎಂ ೨೦೦೦ನೇ ಇಸವಿಯದು. ಮಿಯಾಪುರಕ್ಕೆ ಮೆಟ್ರೋ ಬಂದದ್ದು ೨೦೧೭ರಲ್ಲಿ. ಈಗಿನ ಗಗನಚುಂಬಿಗಳು ಏಳುವ ಮೊದಲಿನ, ಮಣ್ಣು ತುಂಬಿಸಿ ಮಟ್ಟ ಮಾಡುವ ಮೊದಲಿನ ನೆಲದ ಬಾಗು ಅದರಲ್ಲಿ ಉಳಿದಿದೆ. ನಾವು ಹಳ್ಳವನ್ನು ಮರೆತರೂ ನೀರು ತನ್ನ ದಾರಿಯನ್ನು ಮರೆಯುವುದಿಲ್ಲವಷ್ಟೆ.

ಆದರೆ ನಕ್ಷೆಯನ್ನು ದೇವರ ವಾಕ್ಯವೆಂದು ತಿಳಿಯಲಾಗದು. ರೇಡಾರು ಕಂಡದ್ದು ಮರದ ತಲೆಯನ್ನು, ಮನೆಯ ತಾರಸಿಯನ್ನು. ನೆಲವನ್ನೇ ಎಂದು ಹೇಳುವಂತಿಲ್ಲ. ೩೦ ಮೀಟರಿನ ಒಂದು ಚೌಕದೊಳಗೆ ಎರಡು ಮೂರು ಸೈಟುಗಳೂ ಒಂದು ಮೋರಿಯೂ ಅಡಗಿಬಿಡುತ್ತವೆ. ಅಂಕಿಯಲ್ಲಿ ಹಲವು ಮೀಟರುಗಳ ವ್ಯತ್ಯಾಸ ಇರಬಹುದೆಂದು ಅಳೆದವರೇ ಒಪ್ಪಿದ್ದಾರೆ. 'ನಮ್ಮ ಸೈಟು ಕೆರೆಯ ಮಟ್ಟಕ್ಕಿಂತ ಅರ್ಧ ಮೀಟರು ಮೇಲಿದೆ' ಎಂದು ಇದರಿಂದ ಸಾಧಿಸಹೊರಟರೆ ಅದು ಮಾರುವವನ ಪಲ್ಲವಿಗೆ ನಾವೂ ದನಿಗೂಡಿಸಿದಂತೆ. ದಿಕ್ಕು ತಿಳಿಯಲು ಈ ನಕ್ಷೆ. ಗಡಿ ತಿಳಿಯಲು ಎಚ್‌ಎಂಡಿಎಯವರ ಕೆರೆ ನಕ್ಷೆ, ಅದರಲ್ಲಿ ಪೂರ್ಣ ನೀರಿನ ಮಟ್ಟದ ಗೆರೆ ಇರುತ್ತದೆ. ಸಂದೇಹ ತೀರದಿದ್ದರೆ ಲೆವೆಲ್ ಯಂತ್ರ ಇಟ್ಟು ಅಳೆಯುವ ಸರ್ವೇಯರು. ಇವುಗಳ ಜೊತೆಗೆ, ಮಳೆಗಾಲದ ಒಂದು ಸಂಜೆ ಕೊಡೆ ಹಿಡಿದು ಆ ಬೀದಿಯಲ್ಲಿ ಒಮ್ಮೆ ನಡೆದು ಬರುವುದನ್ನೂ ಸೇರಿಸಿಕೊಳ್ಳಿ. ಒಂದು ಕುಟುಂಬದ ಇಪ್ಪತ್ತು ಮೂವತ್ತು ವರ್ಷಗಳ ಉಳಿತಾಯ ಕೈಬಿಡುವ ಮುಂಚೆ ಈ ನಾಲ್ಕು ಕೆಲಸ ಹೆಚ್ಚೇನಲ್ಲ.

ಬೇಕೆನ್ನುವ ವಾಚಕರು ಸೈಟಿನ ಅಕ್ಷಾಂಶ ರೇಖಾಂಶಗಳನ್ನು ಬರೆದು ಸಂಘದ ಕಚೇರಿಗೆ ಕಳಿಸಿದರೆ, ಬಿಡುವು ಮಾಡಿಕೊಂಡು ನಕ್ಷೆ ತೆಗೆದುಕೊಡುತ್ತೇವೆ. ನೀರು ಕೃಷ್ಣೆಗೋ ಗೋದಾವರಿಗೋ ಎಂಬುದನ್ನೂ ತಿಳಿಸುತ್ತೇವೆ. ಎತ್ತರವನ್ನು ಎಲ್ಲಿಂದ ಎಣಿಸಿದ್ದು ಎಂಬುದನ್ನು ಮಾತ್ರ ಷರಾದಲ್ಲಿ ತಪ್ಪದೆ ಬರೆದಿರುತ್ತೇವೆ. ದಯವಿಟ್ಟು ಅದನ್ನು ಮೊದಲು ಓದಬೇಕು.