ಹೊಗೆ ಹೂಳುವ ಮುನ್ನ ನೀರಿನ ಲೆಕ್ಕ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ತಂಬಾಕು ಬ್ಯಾರನ್ನುಗಳಲ್ಲಿ ಹಗಲಿರುಳು ಸೌದೆಯುರಿದು ಮೇಲೇಳುವ ಇಂಗಾಲಾಮ್ಲ ಅನಿಲವನ್ನು ಭೂಗರ್ಭದಲ್ಲಿಯೇ ಹೂಳಬಾರದೇಕೆಂದು ಕೇಳುವ ಉತ್ಸಾಹಿಗಳು, ಅದಕ್ಕೆ ಅವಶ್ಯವಾದ ಸಚ್ಛಿದ್ರ ಮರಳುಗಲ್ಲಿನ ದಪ್ಪ ಪದರಗಳು ನಮ್ಮ ಕಗ್ಗಲ್ಲಿನ ನೆಲದಡಿ ಇಲ್ಲವೆಂಬುದನ್ನೂ, ಇರುವೆಡೆಯಲ್ಲಿಯೂ ಅನಿಲ ಒಳಹೊಕ್ಕಷ್ಟೂ ಒತ್ತಡವೇರಿ ಅಲ್ಲಿನ ಉಪ್ಪುನೀರನ್ನು ಮೇಲೆತ್ತಬೇಕಾಗಬಹುದೆಂಬುದನ್ನೂ ಮೊದಲು ಮನಗಾಣತಕ್ಕದ್ದು. ಆಸ್ಟ್ರೇಲಿಯದ ಬ್ಯಾರೋ ದ್ವೀಪದಲ್ಲಿ 2019ರಲ್ಲಿ ಅನಿಲ ತುಂಬಲಾರಂಭಿಸಿದ ಗಾರ್ಗನ್ ಯೋಜನೆಯನ್ನು ಕುಂಟಿಸಿದ್ದು, ಒತ್ತಡವಿಳಿಸಲೆಂದು ಎತ್ತಿದ ನೀರಿನೊಡನೆ ಬಂದ ಮರಳು! ಒಂದು ವೇಳೆ ನಮ್ಮಲ್ಲಿಯೂ ಅಂಥ ಪದರಗಳಿದ್ದು, ಎತ್ತಿದ ಉಪ್ಪುನೀರು ಲಕ್ಷ್ಮಣತೀರ್ಥಕ್ಕೋ ಕೆ.ಆರ್. ನಗರದ ಭತ್ತದ ಗದ್ದೆಗೋ ಹರಿದರೆ ರೈತನ ಗತಿಯೇನು? ನಾಡಿನಲ್ಲಿ ಎಲ್ಲಿಯೇ ಆಗಲಿ, ಎತ್ತಿದ ನೀರು ಸೇರುವ ಠಾವು ನಿಶ್ಚಯವಾಗದೆ ಇಂಥ ಉದ್ಯಮಕ್ಕೆ ಅನುಮತಿ ಸಲ್ಲದು. ನಮ್ಮಲ್ಲಿಯಾದರೋ ಸೌದೆಯನ್ನೇ ತಗ್ಗಿಸುವುದು ಸುಲಭೋಪಾಯ. ಬ್ಯಾರನ್ನಿನ ಗೋಡೆ, ಛಾವಣಿಗಳಿಂದ ಶಾಖ ಸೋರದಂತೆ ಭದ್ರಪಡಿಸುವ ಕೆಲಸಕ್ಕೆ ತಂಬಾಕು ಮಂಡಳಿ ಇನ್ನೂ ಹೆಚ್ಚಿನ ಹಣ ವಿನಿಯೋಗಿಸಲಿ.